ಕಲ್ಯಾಣದ ಶಾಸನ, ಗೋರಟಾದ ನೆನಪು

ಸೆಪ್ಟೆಂಬರ್ 17 ನಮ್ಮ ಭಾಗದ ಶಾಲೆ ಕಾಲೇಜುಗಳಲ್ಲಿ ಧ್ವಜ ಏರಿಸುವ ದಿನ. ನಿಜಾಮರ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತದೊಂದಿಗೆ ಸೇರಿದ ದಿನವದು. ಅದರ ಮರುವಾರದ ಜುಮಾ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಪಿಯುಸಿ ಓದುವ ಹುಡುಗನೊಬ್ಬ ಖತೀಬ್ ಸಾಹೇಬರ ಬಳಿ ಬಂದು ನಿಂತ. "ಹಜರತ್, ಕಾಲೇಜಿನಲ್ಲಿ ಗೋರಟಾದ ಬಗ್ಗೆ ಭಾಷಣ ಆಯ್ತು. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ನಾನೇನು ಹೇಳಬೇಕಿತ್ತು?" ಎಂದು ಕೇಳಿದ.

ಮುಂದಿನ ಎರಡು ಜುಮಾಗಳ ಖುತ್ಬಾ ಈ ಪ್ರಶ್ನೆಗೇ ಮೀಸಲಾಯಿತು. ಮಿಂಬರಿನ ಮೇಲೆ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಆದ್ದರಿಂದ ಖುತ್ಬಾದ ಸಾರಾಂಶದ ಜೊತೆಗೆ ನಮ್ಮ ಸುತ್ತಲಿನ ಇತಿಹಾಸವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಹುಡುಗನಿಗೆ ಕೊಡಬಹುದಾದ ಸುಲಭದ ಉತ್ತರಗಳು ಎರಡಿವೆ. "ನಮ್ಮವರು ಯಾರಿಗೂ ಏನೂ ಮಾಡಿಲ್ಲ, ಎಲ್ಲ ಸುಳ್ಳು" ಎನ್ನುವುದು ಒಂದು. "ಅವರು ನಮಗೆ ಮಾಡಿದ್ದು ಇದಕ್ಕಿಂತ ಹೆಚ್ಚು" ಎನ್ನುವುದು ಇನ್ನೊಂದು. ಎರಡನ್ನೂ ನಾವು ಚಹಾ ಅಂಗಡಿಯಲ್ಲಿ, ಮೊಬೈಲಿನಲ್ಲಿ ದಿನವೂ ಕೇಳುತ್ತೇವೆ. ಆದರೆ ಸೂರಃ ಅನ್ನಿಸಾದ 135ನೇ ಸೂಕ್ತ ಈ ಎರಡೂ ದಾರಿಗಳನ್ನು ಮುಚ್ಚುತ್ತದೆ. ಸಾಕ್ಷ್ಯವು ನಮ್ಮ ವಿರುದ್ಧ, ತಂದೆ ತಾಯಿಯ ವಿರುದ್ಧ, ಬಂಧುಗಳ ವಿರುದ್ಧ ಹೋದರೂ ನ್ಯಾಯದ ಪರವಾಗಿಯೇ ನಿಲ್ಲಬೇಕೆಂದು ಅಲ್ಲಾಹನು ಅಲ್ಲಿ ಆಜ್ಞಾಪಿಸಿದ್ದಾನೆ. ಒಂದು ಜನಾಂಗದ ಮೇಲಿನ ಕೋಪ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದು ಎಂಬ ಎಚ್ಚರಿಕೆ ಸೂರಃ ಅಲ್-ಮಾಯಿದದ 8ನೇ ಸೂಕ್ತದಲ್ಲಿದೆ. ಈ ಎರಡು ಸೂಕ್ತಗಳನ್ನು ಕೈಯಲ್ಲಿ ಹಿಡಿದು ನಮ್ಮ ಊರಿನ ಚರಿತ್ರೆ ಓದಬೇಕು.

ಧರ್ಮಕ್ಕಾಗಿ ಹಿಂಸೆ ಅನುಭವಿಸುವುದು ಮುಸಲ್ಮಾನರಿಗೆ ಹೊಸ ಕಥೆಯಲ್ಲ. ನಮ್ಮ ಉಮ್ಮತ್ತಿನ ಆರಂಭವೇ ಅಲ್ಲಿಂದ. ಮಕ್ಕಾದ ಸುಡು ಮರಳಿನ ಮೇಲೆ ಹಝ್ರತ್ ಬಿಲಾಲ್(ರ)ರ ಎದೆಗೆ ಬಂಡೆ ಹೇರಿದರು. ಹಝ್ರತ್ ಸುಮಯ್ಯಾ(ರ) ಇಸ್ಲಾಮಿನ ಮೊದಲ ಹುತಾತ್ಮರಾದರು. ಬನೂ ಹಾಶಿಮ್ ಕುಟುಂಬದೊಂದಿಗೆ ಯಾರೂ ವ್ಯಾಪಾರ ಮಾಡಬಾರದು, ಹೆಣ್ಣು ಕೊಡಬಾರದು, ತರಬಾರದು ಎಂದು ಕುರೈಶರು ಬರೆದು ಕಅಬಾದಲ್ಲಿ ತೂಗು ಹಾಕಿದರು. ಸುಮಾರು ಮೂರು ವರ್ಷ ಆ ಬಹಿಷ್ಕಾರ ನಡೆಯಿತು. ಮಕ್ಕಾಕ್ಕೆ ಒಬ್ಬ ರಾಜನಿರಲಿಲ್ಲ ಎಂಬುದನ್ನು ಗಮನಿಸಿ. ಹಿಂಸೆ ಕೊಟ್ಟದ್ದು ಸಮಾಜ. ಆಶ್ರಯ ಕೊಟ್ಟವನು ಮಾತ್ರ ಒಬ್ಬ ರಾಜ, ಅವನೂ ಕ್ರೈಸ್ತ. ಅಬಿಸೀನಿಯಾದ ನಜ್ಜಾಶಿ ದೊರೆ ಮುಸ್ಲಿಮ್ ವಲಸಿಗರನ್ನು ಕುರೈಶರ ಕೈಗೆ ಒಪ್ಪಿಸಲು ನಿರಾಕರಿಸಿದ. ಇನ್ನು ಸೂರಃ ಅಲ್-ಬುರೂಜ್ ಹೇಳುವ ಅಗ್ನಿಕುಂಡದವರ ಕಥೆ ಮುಸಲ್ಮಾನರಿಗಿಂತ ಹಿಂದಿನವರದು. ನಜ್ರಾನಿನ ಕ್ರೈಸ್ತ ವಿಶ್ವಾಸಿಗಳನ್ನು ಬೆಂಕಿಗೆ ಹಾಕಿದ ಪ್ರಸಂಗವದು ಎಂದು ಹಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಬೇರೆಯವರ ಮೇಲಿನ ಹಿಂಸೆಯನ್ನು ಕುರ್‌ಆನ್ ನಮ್ಮ ನಮಾಝಿನ ಪಾಠವಾಗಿಸಿದೆ.

ಕಲ್ಯಾಣದಲ್ಲಿ ಒಂದು ಮದುವೆ

ನಮ್ಮ ಊರಿನಲ್ಲೂ ಇಂತಹ ಒಂದು ಪ್ರಸಂಗವಿದೆ. ಇಲ್ಲಿನ ಪ್ರತಿಯೊಂದು ಲಿಂಗಾಯತ ಮನೆಯ ಮಗುವಿಗೂ ಅದು ಗೊತ್ತು. ನಮ್ಮ ಮಕ್ಕಳಿಗೆ ಎಷ್ಟು ಗೊತ್ತೋ ಕಾಣೆ.

12ನೇ ಶತಮಾನದಲ್ಲಿ ಕಲ್ಯಾಣ ಕಳಚುರಿ ದೊರೆ ಬಿಜ್ಜಳನ ಕೈಯಲ್ಲಿತ್ತು. ಬಸವಣ್ಣನವರು ಅವನ ಆಡಳಿತದಲ್ಲಿ ಭಂಡಾರದ ಹೊಣೆ ಹೊತ್ತಿದ್ದರು. ಅವರ ಸುತ್ತ ನೇಕಾರ, ಅಂಬಿಗ, ಮಡಿವಾಳ, ಚಮ್ಮಾರ ಎಂಬ ಭೇದವಿಲ್ಲದೆ ಶರಣರು ಸೇರಿದರು. ಶರಣ ಪರಂಪರೆ ಹೇಳುವಂತೆ, ಚಮ್ಮಾರ ಕುಲದಿಂದ ಬಂದ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸರು ತಮ್ಮ ಮಗಳನ್ನು ಕೊಟ್ಟು ಮದುವೆ ಮಾಡಿದರು. ಇಬ್ಬರೂ ಶರಣರಾದ ಮೇಲೆ ಹಳೆಯ ಜಾತಿ ಉಳಿದಿಲ್ಲ ಎಂಬುದು ಅವರ ವಾದ. ಊರಿನ ಪ್ರತಿಷ್ಠಿತರು ಇದನ್ನು ವರ್ಣಸಂಕರ ಎಂದು ಕರೆದು ದೊರೆಯ ಮೇಲೆ ಒತ್ತಡ ತಂದರು. ಹರಳಯ್ಯ, ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದರು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಶರಣರು ಚದುರಿದರು. ಒಂದು ಗುಂಪು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನವರೆಗೆ ನಡೆಯಿತು. ಬಿಜ್ಜಳನೂ ಕೊಲೆಯಾದನೆಂದು ಕಥೆ ಮುಗಿಯುತ್ತದೆ.

ಇಲ್ಲಿ ಮುಸಲ್ಮಾನ ದೊರೆ ಇಲ್ಲ, ಕ್ರೈಸ್ತ ದೊರೆ ಇಲ್ಲ. ಕೊಲ್ಲಿಸಿದವರೂ ಸತ್ತವರೂ ಒಂದೇ ನೆಲದ, ಬಹುಪಾಲು ಒಂದೇ ದೇವರ ಭಕ್ತರು. ಹಿಂಸೆ ಯಾವಾಗಲೂ ಹೊರಗಿನ ಧರ್ಮದಿಂದ ಬರುತ್ತದೆ ಎನ್ನುವವರು ಕಲ್ಯಾಣದ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಗೆಂದು ಈ ಕಥೆಯನ್ನು "ನೋಡಿ, ನಿಮ್ಮವರೂ ಮಾಡಿದ್ದಾರೆ" ಎಂದು ಬೀಸಲು ಬಳಸಿದರೆ ನಾವು ಖುತ್ಬಾ ಕೇಳಿಯೂ ಕೇಳದವರಾಗುತ್ತೇವೆ.

ಅಬ್ಬಾಸಿ ಖಲೀಫರ ಬಗ್ದಾದಿನಲ್ಲೂ ಇಂಥದ್ದು ನಡೆಯಿತು. ಕುರ್‌ಆನ್ ಸೃಷ್ಟಿಯಾದದ್ದೋ ಅಲ್ಲವೋ ಎಂಬ ವಿಚಾರದಲ್ಲಿ ಉಲಮಾಗಳೆಲ್ಲ ತನ್ನ ಅಭಿಪ್ರಾಯವನ್ನೇ ಒಪ್ಪಬೇಕೆಂದು ಖಲೀಫ ಮಾಮೂನ್ 833ರಲ್ಲಿ ವಿಚಾರಣೆ ಆರಂಭಿಸಿದ. ಅದಕ್ಕೆ ಮಿಹ್ನಾ ಎಂಬ ಹೆಸರು ಬಂತು. ಒಪ್ಪದ ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಸೆರೆಮನೆ ಕಂಡರು, ಮುಂದಿನ ಖಲೀಫ ಮುಅತಸಿಮನ ಕಾಲದಲ್ಲಿ ಚಾಟಿಯೇಟು ತಿಂದರು. ಹೊಡೆಸಿದವನೂ ಐದು ಹೊತ್ತು ಅದೇ ಕಿಬ್ಲಾದ ಕಡೆ ತಿರುಗುವವನೇ. ಇಂದು ಒಂದು ಪಂಗಡದವರು ಇನ್ನೊಂದು ಪಂಗಡದವರಿಗೆ ಮಸೀದಿಯ ಬಾಗಿಲು ಮುಚ್ಚುವಾಗ, ಜಮಾಅತ್ತಿನಿಂದ ಹೊರಗಿಟ್ಟು ಮದುವೆಗೂ ಜನಾಝಾಕ್ಕೂ ಹೋಗಬೇಡಿ ಎಂದು ಹೇಳುವಾಗ, ಆ ಚಾಟಿಯ ಸದ್ದು ಕೇಳಿಸಬೇಡವೇ? ಇದನ್ನು ಹೇಳಿದಾಗ ಮಸೀದಿಯಲ್ಲಿ ಕೆಲವರು ತಲೆ ತಗ್ಗಿಸಿದರು, ಕೆಲವರಿಗೆ ಸಿಟ್ಟೂ ಬಂತು. ಬರಲಿ.

ಖ್ವಾಜಾ ಅಹ್ಮದರ ಅನುಮತಿ

ಈಗ ಕಲ್ಯಾಣದ ಒಂದು ಕಲ್ಲಿನ ಕಡೆಗೆ ಬರೋಣ. ಬಿಜ್ಜಳನ ಕಾಲ ಕಳೆದು ಒಂದೂವರೆ ಶತಮಾನದ ನಂತರ ಊರು ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘ್ಲಕನ ಆಳ್ವಿಕೆಗೆ ಸೇರಿತ್ತು. ಆ ಕಾಲದ ಒಂದು ಸಂಸ್ಕೃತ ಶಾಸನ ಇಲ್ಲಿ ದೊರೆತಿದೆ. ಶಕ ವರ್ಷ 1248, ಅಂದರೆ ಕ್ರಿ.ಶ. 1326. ಅದನ್ನು ಓದಿ ಪ್ರಕಟಿಸಿದವರು ನಮ್ಮ ನಾಡಿನ ಹೆಸರಾಂತ ಶಾಸನತಜ್ಞ ಪಿ.ಬಿ. ದೇಸಾಯಿಯವರು.

ವಿಷಯ ಇಷ್ಟು. ಕಲ್ಯಾಣದಲ್ಲಿ ಮಧುಕೇಶ್ವರನ ಗುಡಿ ಇತ್ತು. ಆ ಹೊತ್ತಿನ ಗಲಭೆಯಲ್ಲಿ ಲಿಂಗಕ್ಕೆ ಧಕ್ಕೆಯಾಗಿ ಪೂಜೆ ನಿಂತುಹೋಯಿತು. ಗುಡಿಯ ಕಡೆಯವರು ಸುಲ್ತಾನನ ಸ್ಥಳೀಯ ಅಧಿಕಾರಿ ಖ್ವಾಜಾ ಅಹ್ಮದರ ಬಳಿ ಹೋಗಿ ವಿನಂತಿಸಿದರು. ಅನುಮತಿ ದೊರೆಯಿತು. ಗುಡಿ ದುರಸ್ತಿಯಾಗಿ ಪೂಜೆ ಮತ್ತೆ ಆರಂಭವಾಯಿತು. ಆ ಅಧಿಕಾರಿಯ ಹೆಸರು ಏಳುನೂರು ವರ್ಷಗಳ ನಂತರವೂ ಸಂಸ್ಕೃತದ ಶಾಸನವೊಂದರಲ್ಲಿ ಉಳಿದಿದೆ.

ಅವರು ಹೀಗೆ ಮಾಡಿದ್ದು ಕೇವಲ ದಯೆಯಿಂದಲ್ಲ. ಅದಕ್ಕೊಂದು ಕಾನೂನಿನ ಆಧಾರವಿತ್ತು. ಮುಸ್ಲಿಮ್ ಆಡಳಿತದಲ್ಲಿ ಜಿಝಿಯಾ ಕೊಡುವವರ ಪ್ರಾಣ, ಆಸ್ತಿ, ಆರಾಧನೆ ರಾಜ್ಯದ ಹೊಣೆ. ಇದೇ ಸುಲ್ತಾನನ ಆಳ್ವಿಕೆಯಲ್ಲಿ ಮುಂದೆ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ ಒಂದು ಪ್ರಸಂಗ ಬರೆದಿದ್ದಾನೆ. ಹಿಮಾಲಯದ ತಪ್ಪಲಲ್ಲಿ ಒಂದು ದೇವಾಲಯವನ್ನು ಮತ್ತೆ ಕಟ್ಟಲು ಚೀನಾದ ಚಕ್ರವರ್ತಿ ಇದೇ ತುಘ್ಲಕನ ಅನುಮತಿ ಕೇಳಿದ. ಜಿಝಿಯಾ ಕೊಡುವವರಿಗೆ ಮಾತ್ರ ಆ ಹಕ್ಕಿದೆ ಎಂದು ಸುಲ್ತಾನ ಉತ್ತರಿಸಿದ. ಜಿಝಿಯಾ ಇಂದಿನ ಸಮಾನ ಪೌರತ್ವ ಅಲ್ಲ, ಹಾಗೆ ತೋರಿಸಲು ಹೋಗುವುದು ಬೇಡ. ಹೆಂಗಸರು, ಮಕ್ಕಳು, ಬಡವರು, ಸನ್ಯಾಸಿಗಳಿಗೆ ವಿನಾಯಿತಿ ಎಂಬುದು ಫಿಕ್ಹಿನ ನಿಯಮ. ಆದರೆ ವಸೂಲಿಗೆ ಬಂದವನು ಫಿಕ್ಹ್ ಓದಿಕೊಂಡೇ ಬರುತ್ತಿದ್ದ ಎಂದು ಯಾರೂ ಖಾತ್ರಿ ಕೊಡಲಾರರು. ಆದರೂ ಆ ಯುಗದ ಅಳತೆಯಲ್ಲಿ ಅದೊಂದು ಒಪ್ಪಂದ. ಕಲ್ಯಾಣದಲ್ಲಿ ಆ ಒಪ್ಪಂದದ ಮಾತು ಉಳಿಯಿತು.

ಇದರ ಬೇರು ಇನ್ನೂ ಹಿಂದಿದೆ. ಸೂರಃ ಅಲ್-ಹಜ್ಜ್‌ನ 40ನೇ ಸೂಕ್ತದಲ್ಲಿ ಅಲ್ಲಾಹನು ರಕ್ಷಣೆಯಾಗಬೇಕಾದ ಆರಾಧನಾಲಯಗಳನ್ನು ಎಣಿಸುವಾಗ ಸನ್ಯಾಸಿಗಳ ಮಠ, ಚರ್ಚು, ಯಹೂದಿಯರ ಮಂದಿರಗಳನ್ನು ಮೊದಲು ಹೇಳಿ ಮಸೀದಿಯನ್ನು ಕೊನೆಗೆ ಹೇಳಿದ್ದಾನೆ. ಜೆರುಸಲೇಮ್ ಕೈಗೆ ಬಂದಾಗ ಹಝ್ರತ್ ಉಮರ್(ರ) ಅಲ್ಲಿನ ದೊಡ್ಡ ಚರ್ಚಿನ ಒಳಗೆ ನಮಾಝ್ ಮಾಡಲು ಒಪ್ಪಲಿಲ್ಲ, ಮುಂದೆ ಮುಸಲ್ಮಾನರು ಅದನ್ನೇ ನೆಪಮಾಡಿ ಚರ್ಚನ್ನು ಕಿತ್ತುಕೊಂಡಾರು ಎಂಬ ಭಯದಿಂದ. ಧರ್ಮದಲ್ಲಿ ಬಲವಂತ ಸಲ್ಲದೆಂಬ ಅಲ್-ಬಕರದ 256ನೇ ಸೂಕ್ತದ ಹಿನ್ನೆಲೆಯನ್ನೂ ತಿಳಿಯಬೇಕು. ಕ್ರೈಸ್ತರಾಗಿದ್ದ ತನ್ನ ಇಬ್ಬರು ಮಕ್ಕಳನ್ನು ಮುಸಲ್ಮಾನರಾಗುವಂತೆ ಒತ್ತಾಯಿಸಬಹುದೇ ಎಂದು ಒಬ್ಬ ಅನ್ಸಾರಿ ತಂದೆ ಕೇಳಿದಾಗ ಅದು ಇಳಿಯಿತೆಂದು ತಫ್ಸೀರ್‌ಗಳಲ್ಲಿದೆ. ಸ್ವಂತ ಮಕ್ಕಳ ಮೇಲೂ ಬಲವಂತವಿಲ್ಲ ಎಂದಾದರೆ ಪಕ್ಕದ ಬೀದಿಯವರ ಮೇಲೆ ಎಲ್ಲಿಂದ ಬಂತು?

ಆದರೆ ಮುಹಮ್ಮದ್ ಬಿನ್ ತುಘ್ಲಕನನ್ನು ಸಂತನಾಗಿಸುವುದು ಬೇಡ. ಅದೇ ಕಾಲಕ್ಕೆ ನಮ್ಮ ಪಕ್ಕದ ಸಗರದಲ್ಲಿ ಅಧಿಕಾರಿಯಾಗಿದ್ದ ಅವನ ಸೋದರಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಬಂಡಾಯವೆದ್ದು ಸಿಕ್ಕಿಬಿದ್ದಾಗ ಸುಲ್ತಾನ ಅವನ ಚರ್ಮ ಸುಲಿಸಿದ ಎಂದು ಇಬ್ನ್ ಬತೂತನೇ ಬರೆದಿದ್ದಾನೆ. ತನಗೆ ಎದುರಾಡಿದ ಉಲಮಾಗಳನ್ನೂ ಅವನು ಬಿಡಲಿಲ್ಲ.

ಬೀದರಿನ ಅಹ್ಮದ್ ಶಾಹನದೂ ಇದೇ ಕಥೆ. ಅಷ್ಟೂರಿನ ಅವನ ಗೋರಿಗೆ ಪ್ರತಿ ವರ್ಷ ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ಜನರೊಂದಿಗೆ ಬರುತ್ತಾರೆ. ಉರುಸು ಹೋಳಿ ಹಬ್ಬದ ಲೆಕ್ಕದ ಮೇಲೆ ನಿಗದಿಯಾಗುತ್ತದೆ. ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭು, ನಮ್ಮವರಿಗೆ ವಲಿ. ಅದೇ ಅಹ್ಮದ್ ಶಾಹ ವಿಜಯನಗರದ ಮೇಲೆ ದಂಡೆತ್ತಿ ಹೋದಾಗ, ಕೊಂದವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ನಿಂತು ಸಂಭ್ರಮಿಸುತ್ತಿದ್ದ ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಫರಿಶ್ತಾ ಮುಸಲ್ಮಾನ, ಬಿಜಾಪುರದ ಆಸ್ಥಾನದಲ್ಲಿದ್ದವನು. ಸಂಖ್ಯೆಯನ್ನು ಹೆಚ್ಚಿಸಿರಬಹುದು, ಆ ಕಾಲದ ಚರಿತ್ರೆಕಾರರಿಗೆ ಅದು ಅಭ್ಯಾಸ. ಆದರೆ ಕೊಲೆಗೆ ಸಂಭ್ರಮಿಸಿದ ಎಂಬುದೇ ನಾಚಿಕೆಯ ವಿಷಯ. ಹೆಂಗಸರು, ಮಕ್ಕಳು, ಮುದುಕರನ್ನು ಯುದ್ಧದಲ್ಲಿ ಮುಟ್ಟಬಾರದೆಂದ ಪ್ರವಾದಿ(ಸ)ಯವರ ಆಜ್ಞೆ ಫರಿಶ್ತಾನಿಗೂ ಗೊತ್ತಿತ್ತು, ಅಹ್ಮದ್ ಶಾಹನಿಗೂ ಗೊತ್ತಿತ್ತು. ಸುಲ್ತಾನರು ಮಾಡಿದ್ದೆಲ್ಲ ಇಸ್ಲಾಮ್ ಎಂದು ವಾದಿಸುವ ಹೊಣೆ ನಮ್ಮ ಮೇಲೆ ಯಾರೂ ಹೊರಿಸಿಲ್ಲ. ನಾವೇ ಯಾಕೆ ಹೊರಬೇಕು?

ಹುಮನಾಬಾದಿನ ಮಾಣಿಕನಗರದ ಬಗ್ಗೆಯೂ ಖುತ್ಬಾದ ನಂತರ ಒಬ್ಬರು ಕೇಳಿದರು. ಮಾಣಿಕ ಪ್ರಭುಗಳು 1817ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದವರು. 1865ರಲ್ಲಿ ಹುಮನಾಬಾದಿನ ಬಳಿ ಸಮಾಧಿಯಾದರು. ಎಲ್ಲ ಮತಗಳೂ ಸತ್ಯ ಎಂಬ ಸಕಲಮತ ಸಂಪ್ರದಾಯ ಅವರದು. ಮರಾಠಿ, ಕನ್ನಡ, ಹಿಂದುಸ್ತಾನಿಯಲ್ಲಿ ಹಾಡು ಕಟ್ಟಿದರು. ನಿಜಾಮರ ಕಾಲದಲ್ಲಿ ಅವರ ದರಬಾರಿಗೆ ಮುಸಲ್ಮಾನರೂ ಹೋಗುತ್ತಿದ್ದರು, ಕೆಲವರು ಅವರನ್ನು ಮೆಹಬೂಬ್ ಸುಬ್ಹಾನಿಯ ಸ್ವರೂಪವೆಂದೂ ಭಾವಿಸಿದರು. ನಮ್ಮ ಅಕೀದಾ ಇದನ್ನು ಒಪ್ಪುವುದಿಲ್ಲ. ತೌಹೀದ್ ಬೇರೆ, ಎಲ್ಲವೂ ಒಂದೇ ಎನ್ನುವುದು ಬೇರೆ. ಆದರೆ ಸೂರಃ ಅಲ್-ಕಾಫಿರೂನ್ ಕಲಿಸುವುದು ನನ್ನ ದಾರಿ ನನಗೆ, ನಿನ್ನದು ನಿನಗೆ ಎಂದು ಸ್ಪಷ್ಟವಾಗಿ ಹೇಳಿ ಬದುಕುವುದನ್ನು. ಒಪ್ಪದಿದ್ದರೂ ನೆರೆಯವನ ಪ್ರಾರ್ಥನೆಗೆ ಅಡ್ಡಿ ಮಾಡದಿರುವುದೇ ಸಹಿಷ್ಣುತೆ. ಒಪ್ಪಿದ್ದನ್ನು ಸಹಿಸಲು ಯಾವ ಸಹನೆಯೂ ಬೇಕಿಲ್ಲ.

ಈಚಿನ ವರ್ಷಗಳಲ್ಲಿ ಬಸವಕಲ್ಯಾಣದ ಪೀರ್ ಪಾಷಾ ಬಂಗಲೆಯೇ ಮೂಲ ಅನುಭವ ಮಂಟಪ ಎಂಬ ವಾದ ಎದ್ದು, 2022ರಲ್ಲಿ ಊರು ಬಿಸಿಯಾಯಿತು. ದಾಖಲೆ ನೋಡಿ ತೀರ್ಮಾನಿಸುವುದು ಸರಕಾರ ಮತ್ತು ನ್ಯಾಯಾಲಯದ ಕೆಲಸ. ನಾವಿಲ್ಲಿ ವಕೀಲಿ ಮಾಡುವುದಿಲ್ಲ. ಆದರೆ 1326ರ ಶಾಸನದ ಸುದ್ದಿಯನ್ನು ಎರಡೂ ಕಡೆಯ ಹುಡುಗರು ಓದಿದರೆ ಒಳ್ಳೆಯದು.

1948: ಮೇ ಮತ್ತು ಸೆಪ್ಟೆಂಬರ್

ಈಗ ಹುಡುಗನ ಪ್ರಶ್ನೆಗೆ ಬರೋಣ. ಗೋರಟಾ ನಮ್ಮ ತಾಲೂಕಿನ ಹಳ್ಳಿ. ಕಾಸಿಮ್ ರಜ್ವಿಯ ನೇತೃತ್ವದ ರಜಾಕಾರರು 1948ರ ಮೇ ತಿಂಗಳಲ್ಲಿ ಆ ಹಳ್ಳಿಗೆ ನುಗ್ಗಿ ಲೂಟಿ ಮಾಡಿ, ಮನೆ ಸುಟ್ಟು, ನಿರಾಯುಧ ಜನರನ್ನು ಕೊಂದರು. ಸತ್ತವರು ಇನ್ನೂರರಷ್ಟು ಎಂಬುದು ಆ ಊರಿನ ನೆನಪು. ಇಂದು ಅಲ್ಲಿ ಸ್ಮಾರಕವಿದೆ. ಇದು ಸುಳ್ಳಲ್ಲ. ಕೊಂದವರು ಇಸ್ಲಾಮಿನ ಹೆಸರು ಹೇಳಿದರು. ಹೇಳಿದ್ದರಿಂದ ಅದು ಇಸ್ಲಾಮ್ ಆಗಲಿಲ್ಲ, ಪಾಪ ಇಮ್ಮಡಿಯಾಯಿತು ಅಷ್ಟೆ. ರಜಾಕಾರರನ್ನು ವಿರೋಧಿಸಿದ ಮುಸಲ್ಮಾನರೂ ಇದ್ದರು. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ತಮ್ಮ ಬರಹದಲ್ಲಿ ಅವರನ್ನು ಖಂಡಿಸುತ್ತಿದ್ದರು. ಅದೇ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಅವರಿಗೆ ಗುಂಡಿಕ್ಕಿ, ಬರೆಯುವ ಕೈಯನ್ನೇ ಕಡಿದರು. ನಮ್ಮ ಎಷ್ಟು ಮದರಸಾಗಳಲ್ಲಿ ಅವರ ಹೆಸರು ಹೇಳುತ್ತಾರೆ?

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು, 17ರಂದು ನಿಜಾಮರು ಶರಣಾದರು. ಅನಂತರ ನಡೆದದ್ದನ್ನು ನಮ್ಮ ದಾದಿಯರು "ಪೊಲೀಸ್ ಆಕ್ಷನ್" ಎಂಬ ಎರಡೇ ಶಬ್ದದಲ್ಲಿ ಹೇಳಿ ಸುಮ್ಮನಾಗುತ್ತಿದ್ದರು. ರಜಾಕಾರರ ಪಾಪಕ್ಕೆ ರಜಾಕಾರರಲ್ಲದ ರೈತರು, ನೇಕಾರರು, ಹೆಂಗಸರು, ಮಕ್ಕಳು ಬೆಲೆ ತೆತ್ತರು. ಪ್ರಧಾನಿ ನೆಹರೂ ಸರಕಾರ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮುಂತಾದವರ ತಂಡ ವರ್ಷಾಂತ್ಯದಲ್ಲಿ ಸಂಸ್ಥಾನದ ಜಿಲ್ಲೆಗಳನ್ನು ಸುತ್ತಿತು. ಕಡಿಮೆ ಎಂದರೂ 27,000ದಿಂದ 40,000 ಮಂದಿ ಸತ್ತರೆಂದು ಅದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲಿಯೇ 18,000ಕ್ಕೆ ಕಡಿಮೆಯಿಲ್ಲ ಎಂದಿತು. ವರದಿ ದಶಕಗಳ ಕಾಲ ಬೀಗದೊಳಗೆ ಇತ್ತು. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ 2013ರ ಹೊತ್ತಿಗೆ ಜನರಿಗೆ ನೋಡಲು ಸಿಕ್ಕಿತು. ಗೋರಟಾಕ್ಕೆ ಸ್ಮಾರಕವಿದೆ. ಇವರಿಗೆ ಎಲ್ಲೂ ಒಂದು ಕಲ್ಲಿಲ್ಲ. ಈ ನೋವನ್ನು ಹೇಳುವುದು ತಪ್ಪಲ್ಲ. ಆದರೆ ಮೇ ತಿಂಗಳನ್ನು ಬಿಟ್ಟು ಸೆಪ್ಟೆಂಬರ್ ಮಾತ್ರ ಹೇಳುವುದು ತಪ್ಪು. ಸೆಪ್ಟೆಂಬರ್ ಬಿಟ್ಟು ಮೇ ಮಾತ್ರ ಹೇಳುವವರ ತಪ್ಪೂ ಅದೇ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ತಮ್ಮ ಪ್ರಾಣವನ್ನೇ ಪಣಕ್ಕಿಟ್ಟು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳು ಅನೇಕ ಕಡೆ ಇದ್ದರು ಎಂದು ತಂಡ ದಾಖಲಿಸಿತು. ಮುಖ್ಯವಾಗಿ ಒಂದೇ ಕಸುಬಿನವರ ನಡುವೆ ಇದು ಕಂಡಿತಂತೆ. ಹಿಂದೂ ನೇಕಾರರು ಮುಸ್ಲಿಮ್ ನೇಕಾರರ ಪರ ನಿಂತು, ದಾಳಿ ಮಾಡಿದ ತಮ್ಮ ಧರ್ಮದವರನ್ನೇ ಎದುರಿಸಿದರು. ಕೆಲವರು ಅದರಲ್ಲಿ ಜೀವ ಕಳೆದುಕೊಂಡರು. ಅವರ ಹೆಸರುಗಳು ಅಲ್ಲಿಲ್ಲ.

ಆ ವರ್ಷ ಹತ್ತು ವಯಸ್ಸಿನವರಾಗಿದ್ದವರು ಇಂದು ತೊಂಬತ್ತರ ಹತ್ತಿರ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥ ದಾದಿಯೋ ನಾನಾವೋ ಇದ್ದರೆ ಮಗ್ರಿಬ್ ನಂತರ ಹತ್ತಿರ ಕೂತು ಕೇಳಿ. ಯಾರು ಬೆಳೆದ ಜೋಳದ ಹೊಲದಲ್ಲಿ ಅಡಗಿಸಿದರು, ಯಾರು ರೊಟ್ಟಿ ತಂದುಕೊಟ್ಟರು, ಯಾರು ಬಾಗಿಲಲ್ಲಿ ನಿಂತು "ಇಲ್ಲಿ ಯಾರೂ ಇಲ್ಲ" ಎಂದರು. ಆ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರಶ್ನೆ ಕೇಳಿದ ಆ ಹುಡುಗ ಈಗಾಗಲೇ ಶುರು ಮಾಡಿದ್ದಾನೆ. ಅವನ ದಾದಿಗೆ ಮೊದಲು ನೆನಪಾದದ್ದು ಒಬ್ಬ ಕುರುಬರ ಅಜ್ಜನದಂತೆ. ಹೆಸರು ಪೂರ್ತಿ ನೆನಪಿಲ್ಲ, ಊರು ನೆನಪಿದೆ. ಮುಂದಿನ ರವಿವಾರ ಆ ಊರಿಗೆ ಹೋಗಿ ವಿಚಾರಿಸುತ್ತೇನೆ ಎಂದಿದ್ದಾನೆ.